ಕರೆಂಟಿನ ಕಾರಿಗೆ ಮನೆ ಹುಡುಕಿದ್ದು

ಪೆಟ್ಟಿಗೆ ಬಂದರಿನ ಧಕ್ಕೆ ಮುಟ್ಟಿದಾಗ ಅದರ ತಳದ ಹಲಗೆಗಳ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗ, ಅಂದರೆ ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಮುಂಬಯಿಯ ಸ್ಟೀಮರು ಅಳಿವೆಯ ಹೊರಗೆ ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ಸರಕನ್ನು ಅಲ್ಲೇ ಮಂಜಿಗೆ, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿಗೆ, ಇಳಿಸಿ ಒಳಗೆ ತರಬೇಕು. ಬೆಂಗ್ರೆಯ ತುದಿಯಲ್ಲಿ ಅಳಿವೆ ದಾಟುವಾಗ ಒಂದು ಅಲೆ ಮಂಜಿಯೊಳಗೆ ಹಾರಿತೆಂದು ಮಂಜಿಯವರೇ ಒಪ್ಪಿಕೊಂಡರು.

"ಮೇಲಿಂದ ಟಾರ್ಪಾಲು ಮುಚ್ಚಿದ್ದೆವು. ಅಡಿಯಿಂದ ಹೋಗಿರ್ಬೇಕು. ಒಳಗೆ ಎಂತ ಉಂಟು?" ಎಂದು ಅವರಲ್ಲೊಬ್ಬರು ಕೇಳಿದರು.

"ಕಾರು," ಎಂದೆ.

ಅವರು ಪೆಟ್ಟಿಗೆಯ ಅಳತೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

ನಾನು ಹಂಪನಕಟ್ಟೆಯ ಒಂದು ಬ್ಯಾಟರಿ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಬಸ್ಸು ಲಾರಿಗಳ ಬ್ಯಾಟರಿ ಚಾರ್ಜ್ ಮಾಡುವುದು, ಪ್ಲೇಟು ಬದಲಿಸುವುದು, ಕರೆಂಟಿಲ್ಲದ ಮನೆಗಳ ರೇಡಿಯೋ ಬ್ಯಾಟರಿಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಈ ಪೆಟ್ಟಿಗೆ ಬಂದದ್ದು ಜೆಪ್ಪಿನ ಒಬ್ಬ ಟೀಚರಿಗೆ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಅವರ ಎರಡೂ ಕಾಲುಗಳು ಸೋತುಹೋಗಿದ್ದವು. ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕಬಲ್ಲರು, ಅಷ್ಟೆ. ಬಲ್ಮಠದ ಕಡೆ ಹುಡುಗಿಯರ ಶಾಲೆಯೊಂದರಲ್ಲಿ ಅವರು ಗಣಿತ ಕಲಿಸುತ್ತಿದ್ದರು. ದಿನಾ ಬೆಳಿಗ್ಗೆ ಸಂಜೆ ಅವರನ್ನು ಕರೆದೊಯ್ಯುತ್ತಿದ್ದ ಜಟ್ಕಾದವನು ಆ ಮಳೆಗಾಲದಲ್ಲಿ ಕುದುರೆ ಮಾರಿ ಊರಿಗೆ ಹೋಗಿಬಿಟ್ಟಿದ್ದ. ಬಸ್ಸುಗಳು ಹೆಚ್ಚಾದ ಮೇಲೆ ಅವನಿಗೆ ಬೇರೆ ಬಾಡಿಗೆ ಸಿಗುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವುದು ಟೀಚರಿಂದ ಆಗದು. ಅವರು ರಜೆ ಹಾಕಿ ಮನೆಯಲ್ಲಿದ್ದರು. ಕ್ರಿಸ್ಮಸ್ ರಜೆ ಮುಗಿದು ಶಾಲೆ ತೆರೆಯುವ ದಿನದವರೆಗೆ ಅವರ ಜಾಗ ಖಾಲಿ ಇಡುತ್ತೇನೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳದೆ ವಿಧಿಯಿಲ್ಲ ಎಂದು ಹೆಡ್ಮಿಸ್ಟ್ರೆಸ್ಸರು ತಿಳಿಸಿದ್ದರು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದ ಟೀಚರ ತಾಯಿಯ ತಂಗಿ ಆ ಗಾಡಿಯನ್ನು ಕಳಿಸಿದ್ದರು. ಅಲ್ಲಿ ನಡೆಯಲಾಗದವರಿಗೆಂದೇ ಮಾಡಿದ ಮೂರು ಚಕ್ರದ, ಒಬ್ಬರೇ ಕೂರುವ, ಬ್ಯಾಟರಿಯಿಂದ ಓಡುವ ಕಾರು ಅದು. ಅವರು ಆರೈಕೆ ಮಾಡುತ್ತಿದ್ದ ರೋಗಿಯೊಬ್ಬರು ತೀರಿಕೊಂಡ ಮೇಲೆ ಮನೆಯವರು ಕೊಟ್ಟದ್ದಂತೆ. ಆಸಿಡ್ ತುಂಬಿದ ಬ್ಯಾಟರಿಯನ್ನು ಹಡಗಿನಲ್ಲಿ ಹಾಕುವುದಿಲ್ಲವೆಂದು ಬ್ಯಾಟರಿಗಳನ್ನು ತೆಗೆದಿದ್ದರು. ಹಾಗಾಗಿಯೇ ಟೀಚರು ನಮ್ಮ ಅಂಗಡಿಗೆ ಒಂದು ಪತ್ರ ಬರೆದಿದ್ದರು. ಸ್ಫುಟವಾದ ಅಕ್ಷರದಲ್ಲಿ ಎರಡೇ ಸಾಲು: ಇಂತಹ ಗಾಡಿ ಬರುತ್ತಿದೆ, ಅದನ್ನು ಓಡುವಂತೆ ಮಾಡಿ ಕೊಡಲು ನಿಮ್ಮಿಂದ ಸಾಧ್ಯವೇ?

ಅಂಗಡಿಯ ಧಣಿ ಪತ್ರವನ್ನು ನನ್ನ ಕೈಗೆ ಕೊಟ್ಟು, "ಎಂತ ಹೇಳ್ತಿ ವಾಮನ?" ಎಂದಿದ್ದರು. ಗಾಡಿಯನ್ನು ನೋಡದೆಯೇ ನಾನು ಸಾಧ್ಯ ಎಂದು ಬರೆದು ಹಾಕಿದ್ದೆ. ಪ್ರಾಯ ಮೂವತ್ತೂ ಆಗಿರಲಿಲ್ಲ. ಬ್ಯಾಟರಿ ಇರುವ ಯಾವುದೇ ವಸ್ತು ನನ್ನ ಕೈಯಲ್ಲಿ ನಡೆಯುತ್ತದೆ ಎಂಬ ನಂಬಿಕೆ ಇತ್ತು.

ಅಂಗಡಿಯ ಹಿಂದಿನ ಅಂಗಳದಲ್ಲಿ ಪೆಟ್ಟಿಗೆ ಒಡೆದೆವು. ಹಸಿರು ಬಣ್ಣದ ಗಾಡಿ, ಮುಂದೆ ಒಂದು ಚಕ್ರ, ಹಿಂದೆ ಎರಡು. ಸ್ಟೀರಿಂಗ್ ಚಕ್ರದ ಬದಲು ದೋಣಿಯ ಚುಕ್ಕಾಣಿಯಂತಹ ಉದ್ದ ಹಿಡಿ. ವೇಗ, ಬ್ರೇಕು ಎಲ್ಲ ಆ ಹಿಡಿಯಲ್ಲೇ, ಕಾಲಿಗೆ ಕೆಲಸವಿಲ್ಲ. ಮೋಟಾರು ಸೀಟಿನ ಅಡಿಯಲ್ಲಿತ್ತು. ಅದರ ಮುಚ್ಚಳ ಬಿಚ್ಚಿದಾಗ ಒಳಗಿನಿಂದ ಸಮುದ್ರದ ನೀರು ಇಳಿಯಿತು. ತಾಮ್ರದ ಭಾಗಗಳ ಮೇಲೆ ಆಗಲೇ ಹಸಿರು ಕಿಲುಬು ಕಾಣಿಸಿಕೊಂಡಿತ್ತು.

ಟೆಸ್ಟ್ ಲ್ಯಾಂಪಿನ ಒಂದು ತಂತಿಯನ್ನು ಸುರುಳಿಗೂ ಇನ್ನೊಂದನ್ನು ಮೋಟಾರಿನ ಮೈಗೂ ತಾಗಿಸಿದೆ. ಎಲ್ಲ ಸರಿಯಿದ್ದರೆ ದೀಪ ಉರಿಯಬಾರದು. ಅದು ಚೆನ್ನಾಗಿಯೇ ಉರಿಯಿತು. ಒಳಗಿನ ಉಪ್ಪು ನೀರು ಕರೆಂಟನ್ನು ಎಲ್ಲೆಲ್ಲಿಗೋ ಹರಿಸುತ್ತಿತ್ತು.

ಉಪ್ಪು ಒಣಗಿದರೆ ಇನ್ನೂ ಕಷ್ಟ. ಅದಕ್ಕಾಗಿ ಮೋಟಾರನ್ನು ಪೂರ್ತಿ ಬಿಚ್ಚಿ ಬಾವಿಯ ಸಿಹಿನೀರಿನಲ್ಲಿ ಏಳೆಂಟು ಸಲ ಮುಳುಗಿಸಿ ತೊಳೆದೆ. ನೋಡಿದವರಿಗೆ ನನಗೆ ತಲೆ ಸರಿಯಿಲ್ಲವೆಂದು ಅನಿಸಿರಬೇಕು. ಆಮೇಲೆ ಒಣಗಿಸಬೇಕು. ಎರಡು ದಿನ ಬಿಸಿಲಿಗಿಟ್ಟರೂ ದೀಪ ಮಂದವಾಗಿ ಉರಿಯುತ್ತಲೇ ಇತ್ತು. ಇಲ್ಲಿಯ ಗಾಳಿಯಲ್ಲೇ ನೀರಿರುವಾಗ ಬಿಸಿಲು ಎಷ್ಟು ಒಣಗಿಸೀತು? ಹದವಾದ ಶಾಖ ಬೇಕಿತ್ತು, ಅದೂ ಹಗಲು ರಾತ್ರಿ ಬಿಡದೆ.

ಆಗ ಜೆಪ್ಪಿನ ಹೊಳೆಬದಿಯ ಹಂಚಿನ ಕಾರ್ಖಾನೆಗಳ ನೆನಪಾಯಿತು. ಅಲ್ಲಿ ಹಂಚು ಸುಡುವ ಗೂಡಿನ ಮೇಲಿನ ಅಟ್ಟದಲ್ಲಿ ಹಸಿ ಹಂಚುಗಳನ್ನು ಒಣಗಿಸುತ್ತಾರೆ. ಒಂದು ಕಾರ್ಖಾನೆಯ ಬಾಗಿಲಲ್ಲಿ ಹೋಗಿ ವಿಷಯ ಹೇಳಿದೆ. ಆಳುಗಳ ಹಾಜರಿ ಬರೆಯುವ ರೈಟರು ಹೊರಗೆ ಬಂದರು. ಐವತ್ತರ ಹತ್ತಿರದ, ತೆಳ್ಳಗಿನ, ಸದಾ ಕೊಡೆ ಹಿಡಿದಿರುವ ಮನುಷ್ಯ.

"ಹಂಚಿನ ಜೊತೆ ಮೋಟಾರು ಇಡುದಾ? ಇದುವರೆಗೆ ಯಾರೂ ಕೇಳ್ಲಿಲ್ಲ," ಎಂದರು. ಟೀಚರ ವಿಷಯ ಹೇಳಿದೆ. "ಆ ಓಣಿಯ ಬಾಯಮ್ಮನ ಮಗಳಾ? ಇಡಿ ಮಾರಾಯ್ರೆ. ಮೂಲೆಯಲ್ಲಿಡಿ, ಆಳುಗಳ ಕಾಲಿಗೆ ಸಿಕ್ಕದ ಹಾಗೆ."

ಐದನೆಯ ದಿನ ದೀಪ ಉರಿಯಲಿಲ್ಲ. ಅಟ್ಟದಲ್ಲೇ ಇನ್ನೆರಡು ಸಲ ನೋಡಿ ಖಚಿತ ಮಾಡಿಕೊಂಡೆ. ಕಿಲುಬನ್ನು ನುಣುಪಾದ ಮರಳು ಕಾಗದದಲ್ಲಿ ಉಜ್ಜಿ ತೆಗೆದು, ಹೊಸ ಕಾರ್ಬನ್ ಬ್ರಷ್ಷುಗಳನ್ನು ಕೆತ್ತಿ ಕೂರಿಸಿದೆ.

ಬ್ಯಾಟರಿಗೆ ನಾವು ಲಾರಿಗೆ ಹಾಕುವಂತಹ ಹನ್ನೆರಡು ವೋಲ್ಟಿನ ಮೂರನ್ನು ಸಾಲಾಗಿ ಜೋಡಿಸಿದೆವು. ಅವು ಗಾಡಿಯ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಹಲಸಿನ ಹಲಗೆಯಲ್ಲಿ ಬೇರೆ ತಟ್ಟೆ ಮಾಡಿಸಿ, ಆಸಿಡ್ ಹಲಗೆಯನ್ನು ತಿನ್ನದಂತೆ ಡಾಮರು ಬಳಿದೆ. ಜೆಪ್ಪಿನ ಸಮತಟ್ಟಾದ ಒಂದು ಮೈದಾನದಲ್ಲಿ ಟೀಚರು ಮೊದಲ ಸಲ ಅದರಲ್ಲಿ ಕುಳಿತರು. ಹಿಡಿಯನ್ನು ತಿರುಗಿಸಿದಾಗ ಗಾಡಿ ಸದ್ದಿಲ್ಲದೆ ಹೊರಟಿತು. ಅವರು ಒಂದು ಸುತ್ತು ಹಾಕಿ ಬಂದು ನನ್ನ ಮುಂದೆ ನಿಲ್ಲಿಸಿದರು. ಮುಖ ಕೆಂಪಾಗಿತ್ತು.

"ಇನ್ನೊಂದು ಸುತ್ತು ಹೋಗ್ಬಹುದಾ?" ಎಂದು ಕೇಳಿದರು.

ಒಟ್ಟು ಹನ್ನೊಂದು ಸುತ್ತು ಹೋದರು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಕಷ್ಟ ಶುರುವಾದದ್ದು ಅಲ್ಲಿಂದಲೇ.

ಟೀಚರ ಮನೆ ಜೆಪ್ಪಿನ ತಗ್ಗಿನ ಒಂದು ಓಣಿಯ ಕೊನೆಯಲ್ಲಿತ್ತು. ಬಾಡಿಗೆ ಮನೆ. ಅವರೂ ತಾಯಿಯೂ ಇಬ್ಬರೇ. ನಾನು ಅಂಗಡಿಯಿಂದ ಒಂದು ರೆಕ್ಟಿಫೈಯರನ್ನು, ಎಂದರೆ ಲೈನಿನ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಮಾಡುವ ಯಂತ್ರವನ್ನು, ತಂದು ಜಗಲಿಯಲ್ಲಿಟ್ಟು ದೀಪದ ಲೈನಿನಿಂದ ಜೋಡಿಸಿದೆ. ಸಂಜೆ ಆರಕ್ಕೆ ಹಾಕಿದರೆ ಬೆಳಿಗ್ಗೆ ಹೊತ್ತಿಗೆ ತುಂಬಬೇಕು ಎಂಬುದು ನನ್ನ ಲೆಕ್ಕ. ಬೆಳಿಗ್ಗೆ ಹೋಗಿ ಹೈಡ್ರೋಮೀಟರಿನಿಂದ ಆಸಿಡ್ ಎಳೆದು ನೋಡಿದೆ. ತುಂಬಿದ ಬ್ಯಾಟರಿಯಲ್ಲಿ ಸಾವಿರದ ಇನ್ನೂರ ಐವತ್ತು ತೋರಿಸಬೇಕು. ಸಾವಿರದ ಇನ್ನೂರಕ್ಕೂ ಏರಿರಲಿಲ್ಲ.

ಮರುದಿನ ಸಂಜೆ ಅಲ್ಲೇ ಕುಳಿತೆ. ದೀಪ ಹಚ್ಚುವ ಹೊತ್ತಾಗುತ್ತಿದ್ದಂತೆ ಅಮ್ಮೀಟರಿನ ಮುಳ್ಳು ಕೆಳಗಿಳಿಯತೊಡಗಿತು. ಏಳು ಗಂಟೆಗೆ ಬ್ಯಾಟರಿಗೆ ಹೋಗುತ್ತಿದ್ದ ಕರೆಂಟು ಒಂದು ಆಂಪಿಯರೂ ಇರಲಿಲ್ಲ. ಲೈನು ಅಳೆದೆ. ಇನ್ನೂರ ಮೂವತ್ತು ವೋಲ್ಟ್ ಇರಬೇಕಾದಲ್ಲಿ ನೂರ ಅರವತ್ತೈದು. ಆ ಓಣಿಗೆ ಬಂದ ತಂತಿ ತೀರ ತೆಳ್ಳಗಿನದು. ಟೀಚರ ಮನೆ ಅದರ ಕಟ್ಟಕಡೆಯದು. ದಾರಿಯಲ್ಲಿ ಎಲ್ಲರೂ ತಮ್ಮ ತಮ್ಮ ಪಾಲು ಎಳೆದುಕೊಂಡ ಮೇಲೆ ಉಳಿದದ್ದು ಇವರಿಗೆ. ಹೊತ್ತು ಹೋಗಿ ದೀಪಗಳು ಆರಿದ ಮೇಲೆ ವೋಲ್ಟು ತುಸು ಏರುತ್ತಿತ್ತು, ಆದರೆ ಆ ಕೆಲವು ಗಂಟೆ ಸಾಲುತ್ತಿರಲಿಲ್ಲ.

ಮೂರನೆಯ ದಿನ ಪಕ್ಕದ ಮನೆಯವರು ಬಂದರು. ಜಗಳಕ್ಕಲ್ಲ, ಸಂಕೋಚದಿಂದಲೇ ಬಂದರು. "ಟೀಚರ್, ನಿಮ್ಮ ಗಾಡಿಗೆ ಹಾಕಿದ ಕೂಡ್ಲೆ ನಮ್ಮ ಬಲ್ಬು ಬೀಡಿಯ ಕೆಂಡದ ಹಾಗೆ ಆಗ್ತದೆ. ಮಕ್ಕಳಿಗೆ ಓದ್ಲಿಕ್ಕೆ ಆಗುದಿಲ್ಲ."

ಟೀಚರು ಆ ಕ್ಷಣವೇ ಸ್ವಿಚ್ಚು ಆರಿಸಿಬಿಟ್ಟರು. ಆ ಮಕ್ಕಳಲ್ಲಿ ಒಬ್ಬಳು ಅವರದೇ ಕ್ಲಾಸಿನವಳು.

ವಿದ್ಯುತ್ ಕಚೇರಿಯಿಂದ ಇನ್‌ಸ್ಪೆಕ್ಟರೊಬ್ಬರನ್ನು ನಾನೇ ಕರೆಸಿದೆ. ಒಳ್ಳೆಯ ಮನುಷ್ಯ. ಕಂಬ ನೋಡಿದರು, ತಂತಿ ನೋಡಿದರು, ಗಾಡಿಯ ಸುತ್ತ ಎರಡು ಸಲ ತಿರುಗಿದರು. "ಇದಕ್ಕೆ ದೀಪದ ಕನೆಕ್ಷನ್ ಆಗುದಿಲ್ಲ. ಪವರ್ ಕನೆಕ್ಷನ್ ಬೇಕು. ಈ ಓಣಿಗೆ ಆ ಲೈನು ಬರ್ಬೇಕಾದ್ರೆ ಕಂಬ, ತಂತಿ ಎಲ್ಲ ಬದಲಾಗ್ಬೇಕು. ಈ ವರ್ಷ ಆಗುವ ಮಾತಲ್ಲ. ನಾನು ಸುಳ್ಳು ಹೇಳುದಿಲ್ಲ ನಿಮಗೆ," ಎಂದರು.

ಶಾಲೆಯಲ್ಲಿ ಹಗಲು ಚಾರ್ಜ್ ಮಾಡಬಹುದೇ ಎಂದು ಕೇಳಿಕೊಂಡು ಹೋದೆ. ಶಾಲೆಗೆ ಇನ್ನೂ ಕರೆಂಟೇ ಬಂದಿರಲಿಲ್ಲ.

ಉಳಿದದ್ದು ಒಂದೇ ದಾರಿ. ಬ್ಯಾಟರಿಗಳನ್ನು ಕಳಚಿ, ಕೈಗಾಡಿಯಲ್ಲಿ ಹಂಪನಕಟ್ಟೆಗೆ ಒಯ್ದು, ಚಾರ್ಜ್ ಮಾಡಿ ಮರುದಿನ ವಾಪಸು ತರುವುದು. ಒಂದೊಂದು ಬ್ಯಾಟರಿಯೂ ಒಂದು ಅಕ್ಕಿಮುಡಿಯಷ್ಟು ಜಡ ಎಂದು ನನ್ನ ಸೊಂಟಕ್ಕೆ ಅನಿಸಿತು. ಒಂದು ವಾರ ಹಾಗೆ ಮಾಡಿದೆ. ಕೈಗಾಡಿಯ ಕುಲುಕಾಟಕ್ಕೆ ಆಸಿಡ್ ಚೆಲ್ಲಿ ನನ್ನ ಎರಡು ಖಾಕಿ ಚಡ್ಡಿಗಳು ಜರಡಿಯಾದವು. ಆದರೂ ಶಾಲೆ ತೆರೆಯುವ ಮೊದಲು ಒಮ್ಮೆ ಪೂರ್ತಿ ದಾರಿ ಓಡಿಸಿ ನೋಡೋಣವೆಂದು ಟೀಚರು ಹೇಳಿದರು.

ಡಿಸೆಂಬರಿನ ಮೊದಲ ವಾರದ ಒಂದು ಬೆಳಿಗ್ಗೆ ಹೊರಟೆವು. ಅವರು ಗಾಡಿಯಲ್ಲಿ, ನಾನು ಹಿಂದೆ ಸೈಕಲಿನಲ್ಲಿ. ತಗ್ಗಿನ ರಸ್ತೆಯಲ್ಲಿ ಗಾಡಿ ಹಕ್ಕಿಯಂತೆ ಹೋಯಿತು. ನಂದಿಗುಡ್ಡೆಯ ಏರು ಶುರುವಾದಲ್ಲಿ ನಿಧಾನವಾಯಿತು. ಅರ್ಧ ಏರಿನಲ್ಲಿ ಮೋಟಾರು ಗುಂಯ್‌ಗುಟ್ಟಿ ನಿಂತಿತು. ಟೀಚರು ಬ್ರೇಕು ಎಳೆದು ಹಿಡಿದರು. ಸೀಟಿನಡಿಯಿಂದ ಸುಟ್ಟ ಮೆರುಗೆಣ್ಣೆಯ ವಾಸನೆ ಬರುತ್ತಿತ್ತು.

ಹಿಂದಿನಿಂದ ಬಂದ ಬಸ್ಸು ನಿಂತಿತು. ಕಂಡಕ್ಟರು, ನಾಲ್ಕೈದು ಪ್ರಯಾಣಿಕರು ಇಳಿದು ಬಂದು ಕೇಳದೆಯೇ ದೂಡಲು ಕೈಹಾಕಿದರು. ಅವರದು ಒಳ್ಳೆಯ ಮನಸ್ಸೇ. ಗುಡ್ಡೆಯ ಮೇಲಿನವರೆಗೆ ದೂಡಿ, ಬೆವರು ಒರೆಸಿಕೊಂಡು, ನಗುತ್ತಾ ಹೋದರು. ಟೀಚರು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಬಸ್ಸು ಮರೆಯಾದ ಮೇಲೆ ಹಿಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನೋಡಿ, ಜಟ್ಕಾದವ ದುಡ್ಡು ತೆಗೊಂಡು ಎಳೀತಿದ್ದ. ಅದು ಅವನ ಕೆಲಸ. ಹೀಗೆ ದಿನಾ ದೂಡಿಸಿಕೊಂಡು ಶಾಲೆಗೆ ಹೋಗುವುದಾದ್ರೆ ನಾನು ಹೋಗುದಿಲ್ಲ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಗಾಡಿಯನ್ನು ತಿರುಗಿಸಿ ಇಳಿಜಾರಿನಲ್ಲೇ ಮನೆಗೆ ಮರಳಿದೆವು. ಅಂದು ಸಂಜೆ ಹೈಡ್ರೋಮೀಟರು ಹಾಕಿದಾಗ ಮೂರು ಬ್ಯಾಟರಿಗಳಲ್ಲಿ ನಡುವಿನದ್ದು ಸಾವಿರದ ನೂರಕ್ಕೆ ಇಳಿದಿತ್ತು. ಒಂದೊಂದು ರಾತ್ರಿಯ ಅರ್ಧಂಬರ್ಧ ಚಾರ್ಜಿನಲ್ಲಿ ದುಡಿಸಿ ದುಡಿಸಿ ಪ್ಲೇಟುಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ಧಣಿ ಅದನ್ನು ನೋಡಿದರು. "ನೀನು ಮಾಡ್ಬೇಕಾದ್ದು ಮಾಡಿದಿ. ಟೀಚರಿಗೆ ನಾನೇ ಹೇಳ್ತೇನೆ, ಆಗುದಿಲ್ಲ ಅಂತ. ನೀನು ಹೇಳ್ಬೇಡ," ಎಂದರು.

"ಎರಡು ದಿನ ತಡೀರಿ ಧಣಿ," ಎಂದೆ. ಎರಡು ದಿನದಲ್ಲಿ ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಸಂಜೆ ವೋಲ್ಟ್ ಮೀಟರು, ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವ ಒಂದು ಪ್ಲಗ್ಗು, ಒಂದು ನೋಟ್ ಪುಸ್ತಕ ಹಿಡಿದು ಟೀಚರ ಮನೆಯಿಂದ ನಡೆದು ಹೊರಟೆ. ಗಾಡಿ, ಮೋಟಾರು, ಬ್ಯಾಟರಿ ಎಲ್ಲವನ್ನೂ ಬಿಚ್ಚಿ ನೋಡಿಯಾಗಿತ್ತು. ನೋಡದೆ ಉಳಿದದ್ದು ದಾರಿಯನ್ನು ಮಾತ್ರ. ದಾರಿಯುದ್ದಕ್ಕೂ ಅಂಗಡಿಗಳಲ್ಲಿ ಕೇಳಿಕೊಂಡು ಒಂದು ನಿಮಿಷ ಅವರ ಬಲ್ಬು ತೆಗೆದು ಲೈನು ಅಳೆದೆ. ಓಣಿಯಲ್ಲಿ ನೂರ ಅರವತ್ತೈದು. ದೊಡ್ಡ ರಸ್ತೆಯ ಜಿನಸಿ ಅಂಗಡಿಯಲ್ಲಿ ನೂರ ಎಂಬತ್ತು. ಗುಡ್ಡೆಯ ಬುಡದ ಹೋಟೆಲಿನಲ್ಲಿ ನೂರ ತೊಂಬತ್ತು. ಗುಡ್ಡೆ ಏರಿ ಕಂಕನಾಡಿಯ ಕಡೆ ತಿರುಗಿದ ಮೇಲೆ ಒಬ್ಬ ದರ್ಜಿಯ ಅಂಗಡಿಯಲ್ಲಿ ಮುಳ್ಳು ಇನ್ನೂರ ಇಪ್ಪತ್ತೈದಕ್ಕೆ ಹೋಗಿ ನಿಂತಿತು. ನಾನು ಮೀಟರನ್ನು ತಟ್ಟಿ ಮತ್ತೊಮ್ಮೆ ನೋಡಿದೆ. ಆ ಕಡೆಯ ಆಸ್ಪತ್ರೆಗೆ ಹೋಗುವ ದಪ್ಪ ಲೈನು ಅದೇ ರಸ್ತೆಯಲ್ಲಿತ್ತು.

ಹೊರಗೆ ಬರುವಾಗ ಕೊಡೆ ಹಿಡಿದ ಒಬ್ಬರು ಏದುಸಿರು ಬಿಡುತ್ತಾ ಏರು ಹತ್ತಿ ಬರುತ್ತಿದ್ದರು. ನೋಡಿದರೆ ಹಂಚಿನ ಕಾರ್ಖಾನೆಯ ರೈಟರು.

"ನೀವೆಂತ ಇಲ್ಲಿ?" ಎಂದೆ.

"ನನ್ನ ಮನೆ ಇಲ್ಲೇ ಅಲ್ವಾ, ಮೂರನೆಯದ್ದು. ದಿನಾ ಬೆಳಿಗ್ಗೆ ಇಳಿಯುದು, ಸಂಜೆ ಹತ್ತುದು. ಇಪ್ಪತ್ತು ವರ್ಷ ಆಯ್ತು. ಈಗ ಮೊಣಗಂಟು ಕೇಳುದಿಲ್ಲ ಮಾರಾಯ್ರೆ." ಅವರು ದರ್ಜಿಯ ಅಂಗಡಿಯ ಬೆಂಚಿನಲ್ಲಿ ಕುಳಿತು ಮೊಣಕಾಲು ಉಜ್ಜಿಕೊಂಡರು.

"ನಿಮ್ಮ ಮನೆ ಸ್ವಂತದ್ದಾ?"

"ಬಾಡಿಗೆಯದ್ದು."

ನಾನು ಅವರ ಪಕ್ಕದಲ್ಲಿ ಕುಳಿತೆ. ಟೀಚರ ಶಾಲೆಯಿಂದ ಅಳೆದರೆ ರೈಟರ ಮನೆ ಜೆಪ್ಪಿನ ಮನೆಗಿಂತ ಬಹಳ ಹತ್ತಿರವೇನಲ್ಲ. ಆದರೆ ಅಲ್ಲಿಂದ ಬಲ್ಮಠಕ್ಕೆ ಗುಡ್ಡೆಯ ನೆತ್ತಿಯ ಮೇಲೆಯೇ ದಾರಿ, ಸಣ್ಣಪುಟ್ಟ ಏರಿಳಿತ ಬಿಟ್ಟರೆ ಕಷ್ಟವಿಲ್ಲ. ಮನೆ ಬಾಗಿಲಲ್ಲಿ ಒಳ್ಳೆಯ ಕರೆಂಟು. ನಾನು ಎರಡು ತಿಂಗಳಿಂದ ಗಾಡಿಯನ್ನು ರಿಪೇರಿ ಮಾಡುತ್ತಿದ್ದೆ. ಉಪ್ಪು ನೀರು ಹೋದ ಮೇಲೆ ಗಾಡಿಯದೇನೂ ತಪ್ಪಿರಲಿಲ್ಲ. ಅದು ಇರುವ ಜಾಗ ಅದಕ್ಕೆ ಒಗ್ಗುವಂಥದ್ದಲ್ಲ.

"ನಿಮ್ಮ ಮನೆಯನ್ನು ಟೀಚರ ಮನೆಗೆ ಬದಲು ಮಾಡಿಕೊಳ್ತೀರಾ?" ಎಂದು ಕೇಳಿಬಿಟ್ಟೆ.

ರೈಟರು ನಗಲಿಲ್ಲ. "ಟೀಚರ ಓಣಿಯಿಂದ ಕಾರ್ಖಾನೆಯ ಬಾಗಿಲು ಕಾಣ್ತದೆ," ಎಂದರು. ಕೊಡೆಯನ್ನು ಪಕ್ಕಕ್ಕಿಟ್ಟು, "ಮನೆಯವಳತ್ರ ಕೇಳ್ಬೇಕು. ಅಲ್ಲಿಯ ಬಾವಿ ಹೇಗುಂಟು?" ಎಂದರು.

ಟೀಚರ ಮನೆಗೆ ಹೋಗಿ ಈ ಮಾತು ಹೇಳುವುದು ನನಗೆ ಬ್ಯಾಟರಿ ಎತ್ತುವುದಕ್ಕಿಂತ ಕಷ್ಟವಾಯಿತು. ಒಬ್ಬ ಬ್ಯಾಟರಿಯವನು ಬಂದು ನಿಮ್ಮ ಮನೆ ಬದಲಿಸಿ ಎನ್ನುವುದೆಂದರೇನು? ಟೀಚರು ನೋಟ್ ಪುಸ್ತಕವನ್ನು ಕೇಳಿ ತೆಗೆದುಕೊಂಡು ನಾನು ಬರೆದ ವೋಲ್ಟುಗಳನ್ನು ಒಂದೊಂದಾಗಿ ಓದಿದರು. ಗಣಿತದವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಅವರು ಪುಸ್ತಕ ಮುಚ್ಚಿ ತಾಯಿಯ ಕಡೆ ನೋಡಿದರು.

ಬಾಯಮ್ಮ ಒಲೆಯ ಹತ್ತಿರದಿಂದ ಎದ್ದು ಬಂದರು. ಅರುವತ್ತು ದಾಟಿದವರು. ನನ್ನನ್ನು ಮಗ ಎಂಬರ್ಥದಲ್ಲಿ ಕೊಂಕಣಿಯಲ್ಲಿ ಪುತಾ ಎಂದೇ ಕರೆಯುತ್ತಿದ್ದರು.

"ನಾನು ಈ ಇಗರ್ಜಿಯ ಗಂಟೆ ಕೇಳಿ ಏಳುವವಳು ಪುತಾ. ಇವಳ ಅಪ್ಪನನ್ನು ಇಲ್ಲಿಯೇ ಮಣ್ಣು ಮಾಡಿದ್ದು. ಒಂದು ಗಾಡಿಗೋಸ್ಕರ ಮನೆ ಬಿಡುದಾ?"

"ಗಾಡಿಗೋಸ್ಕರ ಅಲ್ಲ ಮಾಂಯ್, ನನಗೋಸ್ಕರ," ಎಂದರು ಟೀಚರು.

ಬಾಯಮ್ಮ ಒಳಗೆ ಹೋದರು. ನಾನು ಹೊರಡಲು ಎದ್ದೆ. ಟೀಚರು ಕೈಸನ್ನೆಯಲ್ಲಿ ಕೂರಲು ಹೇಳಿದರು. ಒಳಗೆ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ಬಾಯಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು.

"ಒಂದು ಮಾತು. ಆದಿತ್ಯವಾರದ ಪೂಜೆಗೆ ಅವಳು ಆ ಗಾಡಿಯಲ್ಲೇ ಅಲ್ಲಿಂದ ಇಲ್ಲಿಗೆ ಬರ್ಬೇಕು, ವಾಪಾಸು ಹೋಗ್ಬೇಕು. ಯಾರೂ ದೂಡ್ಬಾರ್ದು. ಅದು ಆಗ್ತದೆ ಅಂತ ನೀನು ತೋರಿಸು. ಆಮೇಲೆ ನಾನು ಬರ್ತೇನೆ."

ನಂದಿಗುಡ್ಡೆಯ ಅದೇ ಏರು. ಆಗುತ್ತದೆ ಎಂದು ಈ ಸಲ ನಾನು ಬಾಯಿ ಬಿಟ್ಟು ಹೇಳಲಿಲ್ಲ. ನೋಡುವ ಎಂದೆ.

ಅಂಗಡಿಗೆ ಬಂದು ನಡುವಿನ ಬ್ಯಾಟರಿಯನ್ನು ಬಿಚ್ಚಿದೆ. ಕೆಟ್ಟ ಪ್ಲೇಟುಗಳನ್ನು ತೆಗೆದು ಹೊಸದು ಹಾಕಿದೆ. ಉಳಿದೆರಡರ ಆಸಿಡನ್ನು ಚೆಲ್ಲಿ, ತಳದ ಕೆಸರು ತೊಳೆದು, ಹೊಸ ಆಸಿಡ್ ತುಂಬಿದೆ. ಮೂರನ್ನೂ ಮೂರು ದಿನ ಮೂರು ರಾತ್ರಿ ಎರಡೇ ಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜಿಗೆ ಹಾಕಿದೆ. ಅವಸರ ಮಾಡಿದರೆ ಬಿಳಿ ಪುಡಿ ಕರಗುವುದಿಲ್ಲ. ಧಣಿ ದಿನಕ್ಕೆರಡು ಸಲ ಬಂದು ನೋಡಿ ಹೋಗುತ್ತಿದ್ದರು. ಬೇಡ ಎನ್ನಲಿಲ್ಲ. ಮೋಟಾರಿನ ತಂತಿಯ ಮೇಲೆ ಸುಟ್ಟಲ್ಲಿ ವಾರ್ನಿಷು ಹಚ್ಚಿ ಮತ್ತೆ ಹಂಚಿನ ಅಟ್ಟದಲ್ಲಿ ಒಣಗಿಸಿದೆ. ಗಾಳಿ ಆಡಲು ಅದರ ಮುಚ್ಚಳದಲ್ಲಿ ಒಂದು ಸಾಲು ತೂತು ಕೊರೆದೆ.

ಶನಿವಾರ ಗಾಡಿಯನ್ನು ಲಾರಿಯಲ್ಲಿ ಕಂಕನಾಡಿಗೆ ಸಾಗಿಸಿ ರೈಟರ ಜಗಲಿಯಲ್ಲಿ ನಿಲ್ಲಿಸಿದೆವು. ಇನ್‌ಸ್ಪೆಕ್ಟರು ತಾವೇ ಬಂದು ಕಂಬದಿಂದ ಬಂದ ತಂತಿ ನೋಡಿ, "ಇಲ್ಲಿ ತೊಂದರೆ ಇಲ್ಲ. ಪವರ್ ಕನೆಕ್ಷನಿಗೆ ಅರ್ಜಿ ಹಾಕಿ, ಇಲ್ಲಿಗೆ ಕೊಡ್ಬಹುದು," ಎಂದರು. ರೆಕ್ಟಿಫೈಯರು ಹಾಕಿದಾಗ ಮುಳ್ಳು ಹದಿನೈದು ಆಂಪಿಯರಿಗೆ ಹೋಗಿ ಅಲ್ಲೇ ಗಟ್ಟಿಯಾಗಿ ನಿಂತಿತು. ದೀಪ ಹಚ್ಚುವ ಹೊತ್ತಾದರೂ ಕದಲಲಿಲ್ಲ. ಬ್ಯಾಟರಿಯ ಬಾಯಲ್ಲಿ ಗುಳ್ಳೆ ಏಳುವ ಸಣ್ಣ ಸದ್ದು ಕೇಳುತ್ತಾ ನಾನೂ ರೈಟರೂ ಜಗಲಿಯ ತುದಿಯಲ್ಲಿ ಕುಳಿತಿದ್ದೆವು. ರೈಟರ ಹೆಂಡತಿ ಆ ದಿನ ಜೆಪ್ಪಿಗೆ ಹೋಗಿ ಬಾಯಮ್ಮನ ಬಾವಿಯ ನೀರು ಕುಡಿದು ನೋಡಿ ಬಂದಿದ್ದರು. ಅವರ ಈ ಮನೆಯ ಬಾವಿ ಬೇಸಗೆಯಲ್ಲಿ ತಳ ಕಾಣುತ್ತಿತ್ತು. ಅಲ್ಲಿಯದು ಸಿಹಿ, ಬತ್ತುವುದೂ ಇಲ್ಲ ಎಂದು ಅವರಿಗೆ ಮನಸ್ಸಾಗಿತ್ತು.

ಆದಿತ್ಯವಾರ ಬೆಳಿಗ್ಗೆ ಮೂರು ಬ್ಯಾಟರಿಗಳೂ ಸಾವಿರದ ಇನ್ನೂರ ಐವತ್ತು ತೋರಿಸಿದವು. ಟೀಚರು ಟ್ಯಾಕ್ಸಿಯಲ್ಲಿ ಬಂದು ಗಾಡಿ ಹತ್ತಿದರು. ಇಳಿಯುವಾಗ ಮೋಟಾರಿಗೆ ಹೆಚ್ಚಿನ ಕೆಲಸವಿರಲಿಲ್ಲ. ಇಗರ್ಜಿಯ ಅಂಗಳದಲ್ಲಿ ಗಾಡಿ ನಿಂತಾಗ ಜನ ಸುತ್ತ ಸೇರಿದರು. ಪೂಜೆ ಮುಗಿಯುವವರೆಗೆ ನಾನು ಹೊರಗೆ ಸೈಕಲಿನ ಪಕ್ಕ ನಿಂತು ಕಾದೆ.

ವಾಪಸು ಹೊರಟಾಗ ಬಾಯಮ್ಮ ನಮಗಿಂತ ಮೊದಲೇ ಹೋಗಿ ಗುಡ್ಡೆಯ ಬುಡದಲ್ಲಿ ನಿಂತಿದ್ದರು. ಜಪಮಾಲೆ ಕೈಯಲ್ಲೇ ಇತ್ತು.

ಏರು ಶುರುವಾಯಿತು. ಟೀಚರು ಈ ಸಲ ಹಿಡಿಯನ್ನು ಪೂರ್ತಿ ತಿರುಗಿಸಲಿಲ್ಲ. ನಡೆಯುವವರ ವೇಗದಲ್ಲಿ, ಅದಕ್ಕಿಂತಲೂ ನಿಧಾನವಾಗಿ ಏರಿದರು. ಕಳೆದ ಸಲ ನಿಂತ ಜಾಗ ಬಂತು. ಅಲ್ಲಿ ಅವರು ತಾವಾಗಿಯೇ ಬ್ರೇಕು ಎಳೆದು ನಿಲ್ಲಿಸಿದರು. ಸೈಕಲು ಬಿಟ್ಟು ಹತ್ತಿರ ಓಡಿದೆ.

"ಮೋಟಾರು ಮುಟ್ಟಿ ನೋಡಿ. ಎಷ್ಟು ಬಿಸಿ ಉಂಟು?" ಎಂದರು.

ಮುಚ್ಚಳದ ಮೇಲೆ ಕೈಯಿಟ್ಟೆ. "ಕೈ ಇಡ್ಬಹುದು."

"ಐದು ನಿಮಿಷ ತಣಿಯಲಿ. ನಾನು ಆಗ್ಲೇ ಲೆಕ್ಕ ಹಾಕಿದ್ದೆ, ಇಲ್ಲಿ ನಿಲ್ಲುದು ಅಂತ."

ಇಬ್ಬರು ದಾರಿಹೋಕರು ಸಹಾಯಕ್ಕೆಂದು ಬಂದರು. ಟೀಚರು ನಗುತ್ತಾ ಬೇಡ ಎಂದರು. ಐದು ನಿಮಿಷ ಕಳೆದ ಮೇಲೆ ಬ್ರೇಕು ಬಿಟ್ಟು, ಒಂದೇ ಸಮನೆ, ಒಂದು ಕ್ಷಣವೂ ತಡವರಿಸದೆ ಗುಡ್ಡೆ ಏರಿದರು. ನಾನು ಸೈಕಲು ದೂಡುತ್ತಾ ಹಿಂದೆ ಹಿಂದೆ ಹೋದೆ. ಮೇಲೆ ಮುಟ್ಟಿದಾಗ ಏದುಸಿರು ಬಿಡುತ್ತಿದ್ದವನು ನಾನೊಬ್ಬನೇ. ಮೈಯಲ್ಲಿ ಎರಡು ತಿಂಗಳಿಂದ ಬಿಗಿದಿದ್ದ ಯಾವುದೋ ಒಂದು ನಟ್ಟು ಸಡಿಲವಾದಂತಾಯಿತು. ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಹೋಗಿ ಕುಳಿತುಬಿಟ್ಟೆ.

ತಿರುಗಿ ನೋಡಿದರೆ ಬಾಯಮ್ಮ ಕೆಳಗಿನಿಂದ ನಡೆದುಕೊಂಡೇ ಏರಿ ಬರುತ್ತಿದ್ದರು. ಬಂದವರು ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತು ಉಸಿರು ಸರಿಮಾಡಿಕೊಂಡರು. "ಆ ಮನೆಯ ಅಡಿಗೆಕೋಣೆ ತೋರಿಸು," ಎಂದರು ನನಗೆ.

ಎರಡೂ ಮನೆಗಳ ಯಜಮಾನರನ್ನು ಒಪ್ಪಿಸುವ ಕೆಲಸವನ್ನು ರೈಟರು ವಹಿಸಿಕೊಂಡರು. ಕ್ರಿಸ್ಮಸ್ಸಿಗೆ ಎರಡು ದಿನ ಮೊದಲು ಒಂದೇ ಎತ್ತಿನಗಾಡಿಯಲ್ಲಿ ಒಂದು ಮನೆಯ ಸಾಮಾನು ಮೇಲೆ ಹೋಯಿತು, ಇನ್ನೊಂದು ಮನೆಯದು ಕೆಳಗೆ ಬಂತು. ಪವರ್ ಕನೆಕ್ಷನು ಬರುವುದು ನಾಲ್ಕು ದಿನ ತಡವಾಗಿ ನಾನು ದಿನಾ ವಿದ್ಯುತ್ ಕಚೇರಿಗೆ ಅಲೆದೆ. ಆದರೆ ಶಾಲೆ ತೆರೆಯುವ ಮುನ್ನಾದಿನ ಇನ್‌ಸ್ಪೆಕ್ಟರ ಜನ ಬಂದು ಮೀಟರು ಕೂರಿಸಿ ಹೋದರು.

ಶಾಲೆ ತೆರೆದ ದಿನ ನಾನು ಹಿಂದೆ ಹೋಗಲಿಲ್ಲ. ಬರಬೇಡಿ ಎಂದು ಟೀಚರು ಹೇಳಿದ್ದರು. ಅಂಗಡಿಯಲ್ಲಿ ಕುಳಿತು ಒಂದು ಬಸ್ಸಿನ ಬ್ಯಾಟರಿ ಬಿಚ್ಚಿದವನು ಮಧ್ಯಾಹ್ನದವರೆಗೆ ಅದನ್ನೇ ಬಿಚ್ಚುತ್ತಿದ್ದೆ. ರಸ್ತೆಯಲ್ಲಿ ಯಾರಾದರೂ ಓಡಿ ಬಂದರೆ ಟೀಚರ ಗಾಡಿ ನಿಂತಿತೆಂದು ಹೇಳಲಿಕ್ಕೇ ಬಂದರೇನೋ ಎಂದು ಕತ್ತೆತ್ತುತ್ತಿದ್ದೆ. ಯಾರೂ ಬರಲಿಲ್ಲ. ನಾಲ್ಕು ಗಂಟೆಗೆ ಧಣಿ, "ಹೋಗಿ ನೋಡಿ ಬಾ. ನಿನ್ನಿಂದ ಇವತ್ತು ಕೆಲಸ ಆಗುದಿಲ್ಲ," ಎಂದರು.

ಕಂಕನಾಡಿಯ ಮನೆ ಮುಟ್ಟುವಾಗ ಐದು ದಾಟಿತ್ತು. ಜಗಲಿ ಖಾಲಿ. ರೆಕ್ಟಿಫೈಯರಿನ ತಂತಿ ಗೋಡೆಗೆ ತೂಗುತ್ತಿತ್ತು. ಗಾಡಿ ಇರಲಿಲ್ಲ. ಶಾಲೆ ಬಿಟ್ಟು ಗಂಟೆ ಕಳೆದಿತ್ತು. ಬಲ್ಮಠದ ದಾರಿಯಲ್ಲೇ ನಾನು ಬಂದದ್ದು, ಎಲ್ಲಿಯೂ ಕಂಡಿರಲಿಲ್ಲ. ಬಾಯಮ್ಮನನ್ನು ಕರೆದೆ.

"ಟೀಚರು ಬರ್ಲಿಲ್ವಾ?"

"ಬಂದಳು. ಚಾ ಕುಡಿದಳು. ಮತ್ತೆ ಹೋದಳು."

"ಎಲ್ಲಿಗೆ?"

"ಹೇಳ್ಲಿಲ್ಲ ಪುತಾ." ಬಾಯಮ್ಮ ಬಾಗಿಲ ದಾರಂದಕ್ಕೆ ಒರಗಿ ರಸ್ತೆಯ ಕಡೆ ನೋಡಿದರು. "ಮೂವತ್ತೆರಡು ವರ್ಷದಲ್ಲಿ ಎಲ್ಲಿಗೆ ಹೋಗುದಾದ್ರೂ ಯಾರ ಹತ್ರ ಆದ್ರೂ ಕೇಳಿಯೇ ಹೋದವಳು. ಇವತ್ತು ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ನೀನು ಕೂತ್ಕೊ, ಚಾ ತರ್ತೇನೆ."

ಚಾ ಕುಡಿದು ಮುಗಿಸುವಷ್ಟರಲ್ಲಿ ಹಸಿರು ಗಾಡಿ ಸದ್ದಿಲ್ಲದೆ ಅಂಗಳಕ್ಕೆ ಬಂತು. ಟೀಚರ ಕೂದಲು ಗಾಳಿಗೆ ಕೆದರಿತ್ತು. ಸೀರೆಗೆ ಧೂಳು ಹತ್ತಿತ್ತು. ನಾನು ಎದ್ದು ನಿಂತು, "ಎಲ್ಲಿಗೆ ಹೋಗಿದ್ರಿ ಟೀಚರ್?" ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು.

ಅವರು ಬ್ರೇಕು ಎಳೆದು, ಊರುಗೋಲು ಕೈಗೆತ್ತಿಕೊಂಡು, ನನ್ನ ಮುಖ ನೋಡಿದರು.

"ಎಲ್ಲಿಗೂ ಇಲ್ಲ. ಸುಮ್ನೆ," ಎಂದರು.